ಎಥನಾಲ್ ಕಾರಿಗೊಬ್ಬ ಡೇರಿ ಸೆಕ್ರೆಟರಿ

ರಬ್ಬರ್ ಪೈಪು ಕರಗಬಹುದಿತ್ತು. ಪೈಪು ಗಟ್ಟಿಯಾಗಿದ್ದರೆ ಅದರ ತುದಿಯ ಕ್ಲಿಪ್ಪು ಸಡಿಲವಾಗಿ ಇಂಧನ ಚಿಮ್ಮಬಹುದಿತ್ತು. ಚಿಮ್ಮಿದ ಇಂಧನ ಕೆಂಪಗೆ ಕಾದ ಟರ್ಬೋ ಮೇಲೆ ಬಿದ್ದು ಉರಿ ಹತ್ತಬಹುದಿತ್ತು. ಎಥನಾಲಿನ ಉರಿ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲವೆಂದು ಎಲ್ಲೋ ಓದಿದ್ದರಿಂದ, ಹತ್ತಿದ್ದು ನಮಗೆ ಗೊತ್ತೇ ಆಗದಿರಬಹುದಿತ್ತು. ಹಳೇ ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನು ಈ ಎಥನಾಲು ತೊಳೆದು ಎಬ್ಬಿಸಿ ಫಿಲ್ಟರು ಕಟ್ಟಿಕೊಳ್ಳಬಹುದಿತ್ತು. ಚಳಿಗೆ ಎಂಜಿನ್ನು ಮೊಂಡು ಹಿಡಿದು ಸ್ಟಾರ್ಟೇ ಆಗದಿರಬಹುದಿತ್ತು. ಸ್ಟಾರ್ಟ್ ಆದರೆ ಇನ್ನೂ ಕಷ್ಟ; ಗಾಳಿ ಹೆಚ್ಚಾಗಿ ಪಿಸ್ಟನ್ನಿನ ನೆತ್ತಿ ತೂತಾಗಬಹುದಿತ್ತು. ಹೊಳೆನರಸೀಪುರ ಸೇರುವಾಗ ಪೊಲೀಸರು ಯಾರಾದರೂ ಸ್ಕೂಟರ್ ತಡೆದು, ಎಥನಾಲಿನ ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಇಪ್ಪತ್ತೆಂಟು ವರ್ಷ ಹಾಲಿನ ಸೊಸೈಟಿ ನಡೆಸಿದ ನನ್ನನ್ನು ಕಳ್ಳಭಟ್ಟಿಯವನೆಂದು ಕೂರಿಸಿಕೊಳ್ಳಬಹುದಿತ್ತು. ಬಯಲಿಗೆ ಎಮ್ಮೆ ನುಗ್ಗಬಹುದಿತ್ತು. ಮೋಡವಿಲ್ಲದೆ ಮಳೆ ಬರಬಹುದಿತ್ತು. ತಿರುವಿನ ಮಧ್ಯದಲ್ಲಿ ಕಾರು ಓಡಿಸುವ ಹುಡುಗಿಗೆ ಸೀನು ಬರಬಹುದಿತ್ತು. ನನ್ನ ಬಿ.ಪಿ. ಮಾತ್ರೆ ಮನೆಯಲ್ಲೇ ಉಳಿಯಬಹುದಿತ್ತು. ಕೊನೆಯದಾಗಿ, ಇವೆಲ್ಲಕ್ಕಿಂತ ಘೋರವಾದದ್ದು: ಎಂಜಿನ್ನು ಒಡೆದೇ ಒಡೆಯುತ್ತದೆಂದು ನನ್ನ ಷಡ್ಡಕ ಮಾದೇವಪ್ಪ ಹೇಳಿದ್ದೇ ನಿಜವಾಗಬಹುದಿತ್ತು.

ಈ ಪಟ್ಟಿ ನನ್ನ ಕಲ್ಪನೆಯಲ್ಲ, ದಾಖಲೆ. ಮೊನ್ನೆ ಚಳಿಗೆಂದು ಬೀರುವಿನಿಂದ ಹಳೇ ಸ್ವೆಟರು ತೆಗೆದರೆ ಜೇಬಿನಲ್ಲಿ ಮಡಿಚಿಟ್ಟಿತ್ತು. ಸೊಸೈಟಿಯ ಹಾಲಿನ ಚೀಟಿಗಳ ಬೆನ್ನ ಮೇಲೆ, ನಂಬರು ಹಾಕಿ, ನನ್ನದೇ ದುಂಡು ಅಕ್ಷರದಲ್ಲಿ ಬರೆದದ್ದು. ಓದಿ ನಗು ಬಂತು. ನಗುತ್ತಿರುವಾಗಲೇ, ಎಲ್ಲಿ ಹೀಗೆ ಒಬ್ಬನೇ ನಗುವುದು ಯಾವುದಾದರೂ ಕಾಯಿಲೆಯ ಲಕ್ಷಣವೋ ಎಂದು ಅನುಮಾನವೂ ಬಂತು.

ನೀವು ಹಬ್ಬಕ್ಕೆ ಸಾಮಾನಿನ ಪಟ್ಟಿ ಬರೆಯುತ್ತೀರಲ್ಲ, ಹಾಗೆ ನಾನು ಕೆಡಬಹುದಾದದ್ದರ ಪಟ್ಟಿ ಬರೆಯುತ್ತೇನೆ. ಬರೆದದ್ದು ನಡೆಯುವುದಿಲ್ಲ ಎಂಬುದು ನನ್ನ ಅನುಭವ. ಆದ್ದರಿಂದ ಏನೂ ಬಿಟ್ಟುಹೋಗದ ಹಾಗೆ ಬರೆಯಬೇಕು. ಅಲ್ಲೇ ನನ್ನ ಆಯಸ್ಸು ಸವೆಯುವುದು. ನನ್ನ ಹೆಂಡತಿ ಸರೋಜ ಈ ಚಟವನ್ನು ಮದುವೆಯಾದ ಮೂರನೇ ದಿನವೇ ಕಂಡುಹಿಡಿದಳು. ಅವಳ ತವರಿಗೆ ಹೊರಟಾಗ ಬಸ್ಸು ತಪ್ಪಬಹುದಾದ ಆರು ಬಗೆಗಳನ್ನು ನಾನು ವಿವರಿಸುತ್ತಿರುವಾಗಲೇ ಏಳನೆಯ ಬಗೆಯಲ್ಲಿ ಬಸ್ಸು ಹೊರಟುಹೋಯಿತು.

ಈ ಗುಣ ಎಲ್ಲಿಂದ ಬಂತೆಂದು ಯೋಚಿಸಿದರೆ ಹಳ್ಳಿಮೈಸೂರಿನ ಹತ್ತಿರ ನಮ್ಮ ಚಿಕ್ಕಪ್ಪ ನಡೆಸುತ್ತಿದ್ದ ಆಲೆಮನೆ ನೆನಪಾಗುತ್ತದೆ. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುವಾಗ ನೊರೆ ಏಳುತ್ತದೆ. ಅದು ಅಂಚು ದಾಟುವ ಮೊದಲು ಕೂಗುವುದು ನನಗೆ ಕೊಟ್ಟ ಕೆಲಸ. ಎಂಟು ವರ್ಷದವನ ಕೈಗೆ ಅಷ್ಟು ದೊಡ್ಡ ಜವಾಬ್ದಾರಿ ಕೊಡಬಾರದು. ನಾನು ನೊರೆ ಏಳುವ ಮೊದಲೇ, ಕೆಲವು ಸಲ ಒಲೆ ಹತ್ತಿಸುವ ಮೊದಲೇ, ಉಕ್ತು ಉಕ್ತು ಎಂದು ಕೂಗುತ್ತಿದ್ದೆ. ಆಳುಗಳು ಜಲ್ಲೆ ಬಿಸಾಕಿ ಓಡಿಬರುತ್ತಿದ್ದರು. ಊರಿಗೆ ಈಗ ಹೋದರೂ ನನ್ನ ವಯಸ್ಸಿನವರು ಹೆಸರು ಹಿಡಿದು ಕರೆಯುವುದಿಲ್ಲ, ‘ಉಕ್ತು’ ಎಂದೇ ಕರೆಯುತ್ತಾರೆ. ಅದು ಹೇಗೂ ಇರಲಿ, ನಾನು ಕಾದ ಒಂದು ಕೊಪ್ಪರಿಗೆಯೂ ಉಕ್ಕಲಿಲ್ಲ ಎಂಬುದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ಇಂಥವನಿಗೆ ಹಾಲಿನ ಸೊಸೈಟಿಯ ಕೆಲಸ ಸಿಕ್ಕಿದ್ದು ದೈವಯೋಗ. ಅಲ್ಲಿ ಅನುಮಾನ ಪಡುವುದಕ್ಕೇ ಸಂಬಳ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಜನ ಹಾಲು ತಂದು ನಿಲ್ಲುತ್ತಾರೆ; ನಾನು ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ತೇಲಿಬಿಟ್ಟು ಗೆರೆ ನೋಡುತ್ತೇನೆ. ನೀರು ಬೆರೆತಿದ್ದರೆ ಕೊಳವೆ ಒಂದೆರಡು ಗೆರೆ ಹೆಚ್ಚು ಮುಳುಗುತ್ತದೆ, ಸುಳ್ಳು ಹೇಳುವುದಿಲ್ಲ. ನಾನು ಯಾರಿಗೂ ಬೈದವನಲ್ಲ. ಸುಮ್ಮನೆ ಕೊಳವೆಯನ್ನು ಅವರ ಕಡೆ ತಿರುಗಿಸುತ್ತೇನೆ, ಅಷ್ಟೆ. ಬಿರುಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಗೆರೆ ನೋಡಿ, ದಾರಿಯಲ್ಲಿ ಮಳೆಗೆ ಸಿಕ್ಕಿಕೊಂಡೆ ಸಾ ಅಂದಳು. ನಾನು ಆಕಾಶ ನೋಡಿದೆ, ಅವಳೂ ನೋಡಿದಳು. ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಕಟುಕ: ಕ್ಯಾನು. ಹಾಲು ತುಂಬುವ ಕ್ಯಾನನ್ನು ಬಿಸಿನೀರು ಹಾಕಿ ಗಲಬರಿಸದೆ ಮುಟ್ಟಕೂಡದು. ಈ ಪಾಠವನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೆಂದರೆ, ಮನೆಯಲ್ಲಿ ಕುಡಿಯುವ ನೀರಿನ ಬಿಂದಿಗೆಯನ್ನೂ ಗಲಬರಿಸದೆ ತುಂಬುವುದಿಲ್ಲ.

ಇನ್ನು ಪವಿತ್ರಳ ಸಂಗತಿ. ಪವಿತ್ರ ಎಂದರೆ ಸರೋಜಳ ತಂಗಿಯ ಮಗಳು, ಮಾದೇವಪ್ಪನ ಒಬ್ಬಳೇ ಮಗಳು. ನನಗೆ ದೊಡ್ಡಪ್ಪ ಎನ್ನುತ್ತಾಳೆ. ಚಿಕ್ಕವಳಿದ್ದಾಗ ರಜೆಗೆ ಬಂದರೆ ಸೊಸೈಟಿಯಲ್ಲಿ ನನ್ನ ಪಕ್ಕ ಕೂತು ಗೆರೆ ಓದುವಳು. ನನಗಿಂತ ಮುಂಚೆ ಓದುವಳು. ಮಾದೇವಪ್ಪನದು ಚನ್ನರಾಯಪಟ್ಟಣದಲ್ಲಿ ಡೀಸಲ್ ಪಂಪು ರಿಪೇರಿಯ ಶೆಡ್ಡು. ಟ್ರ್ಯಾಕ್ಟರು, ಹಳೇ ಪಂಪ್‌ಸೆಟ್ಟು, ಇಂಥವು. ಸುತ್ತಿನ ತಾಲ್ಲೂಕುಗಳಲ್ಲಿ ಅವನ ಕಿವಿಗೆ ಹೆಸರಿದೆ. ಎಂಜಿನ್ನಿನ ಸದ್ದು ಕೇಳಿ, ಬೋಲ್ಟು ಬಿಚ್ಚದೆ, ಇಂಥ ಕಡೆ ಇಂಥದ್ದು ಹೋಗಿದೆ ಎನ್ನುತ್ತಾನೆ. ಆದರೆ ಅವನ ಪ್ರಪಂಚದಲ್ಲಿ ಡೀಸಲ್ ಒಂದೇ ಇಂಧನ. ಪೆಟ್ರೋಲು ಪೇಟೆಯವರ ಶೋಕಿ. ಸ್ವತಃ ಟ್ರ್ಯಾಕ್ಟರು ಬಿಟ್ಟರೆ ಬೇರೆ ನಾಲ್ಕು ಚಕ್ರದ ಸ್ಟೇರಿಂಗು ಹಿಡಿದವನಲ್ಲ.

ಅಂಥವನ ಮಗಳು ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಶೆಡ್ಡಿನ ಅರ್ಧ ಭಾಗ ಹಿಡಿದುಕೊಂಡು, ಒಂದು ಹಳೇ ಸಣ್ಣ ಕಾರು ತಂದು, ಅದಕ್ಕೆ ಟರ್ಬೋ ಕೂರಿಸಿ, ಎಥನಾಲಿನಲ್ಲಿ ಓಡಿಸುತ್ತೇನೆ ಅಂದಳು. ಎರಡು ವರ್ಷ ಅಪ್ಪ ಮಗಳು ಒಂದೇ ಮಾಡಿನ ಕೆಳಗೆ ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಿದರು. ಅಷ್ಟರಲ್ಲಿ ಟೈರಿನ ಏಜೆನ್ಸಿಯವರೊಬ್ಬರು ಆ ಅರ್ಧ ಶೆಡ್ಡನ್ನು ಬಾಡಿಗೆಗೆ ಕೇಳಿದರು. ಮಾದೇವಪ್ಪ ಕೊನೆಯ ಮಾತು ಎಂದು ಒಂದು ಷರತ್ತು ಹಾಕಿದ. ಹಾಸನದ ಹೊರಗೆ ಮಣ್ಣಿನ ಬಯಲಿನಲ್ಲಿ ಕಾರು ಓಡಿಸುವ ಸ್ಪರ್ಧೆ ಬರುವ ಭಾನುವಾರವಿದೆ. ಮೂರು ಸುತ್ತು. ಮೂರೂ ಸುತ್ತು ಎಂಜಿನ್ನು ಒಡೆಯದೆ ವಾಪಸ್ಸು ಬಂದರೆ ಆ ಅರ್ಧ ಅವಳದು, ಅವಳು ಏನಾದರೂ ಮಾಡಿಕೊಳ್ಳಲಿ. ಒಡೆದರೆ ಸೋಮವಾರ ಟೈರಿನವರಿಗೆ ಬೀಗದ ಕೈ.

ಪವಿತ್ರ ಆಗಲಿ ಅಂದಳಂತೆ. ನನಗೆ ಫೋನು ಮಾಡಿ ಹೇಳಿದಳು. ಆ ರಾತ್ರಿಯೇ ಪಟ್ಟಿಯ ಮೊದಲ ಹನ್ನೊಂದು ನಂಬರು ಮುಗಿಸಿದೆ.

ಟರ್ಬೋ ಎಂದರೇನೆಂದು ಅವಳು ನನಗೆ ಅಡುಗೆಮನೆಯ ಭಾಷೆಯಲ್ಲಿ ತಿಳಿಸಿದ್ದಳು. ಸೌದೆ ಒಲೆಗೆ ಊದುಗೊಳವೆಯಲ್ಲಿ ಊದಿದರೆ ಉರಿ ಏಳುತ್ತದಲ್ಲ, ಟರ್ಬೋ ಅಂಥದ್ದೊಂದು ಊದುಗೊಳವೆ. ಎಂಜಿನ್ನಿನ ಹೊಗೆಯೇ ಒಂದು ಫ್ಯಾನನ್ನು ತಿರುಗಿಸುತ್ತದೆ, ಆ ಫ್ಯಾನು ಹೊಸ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚು. ಆದರೆ ಒತ್ತಿದ ಗಾಳಿ ಕಾಯುತ್ತದೆ, ಕಾದಾಗ ಪೆಟ್ರೋಲು ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಂಡು ಎಂಜಿನ್ನನ್ನು ಒಳಗಿನಿಂದ ಗುದ್ದುತ್ತದೆ. ಎಥನಾಲಿಗೆ ತಾಳ್ಮೆ ಜಾಸ್ತಿ. ಕಿಡಿ ಬರುವ ತನಕ ಕಾಯುತ್ತದೆ. ಮೇಲಾಗಿ ಒಳಗೆ ಹೋಗುತ್ತಾ ಆವಿಯಾಗಿ ಗಾಳಿಯನ್ನು ತಣ್ಣಗೂ ಮಾಡುತ್ತದೆ. ಆದ್ದರಿಂದ ಊದುಗೊಳವೆಯನ್ನು ಇನ್ನಷ್ಟು ಜೋರಾಗಿ ಊದಬಹುದು. ಕುಡಿಯುವುದು ಮಾತ್ರ ಪೆಟ್ರೋಲಿಗಿಂತ ಹೆಚ್ಚು. ಪಂಪು, ಇಂಜೆಕ್ಟರು ಎಲ್ಲ ದೊಡ್ಡವು ಬೇಕು. ಎಲ್ಲ ಕೇಳಿಸಿಕೊಂಡ ಸರೋಜ, ಕುಡಿದು ಓಡುವ ಗಾಡಿಗೆ ಹೆಣ್ಣು ಕೊಡುವವರು ಯಾರು ಎಂದು ಕೇಳಿದಳು.

ಅದೇನೇ ಇರಲಿ, ನಾನು ಆ ಕಾರಿನ ಕಡೆಯವನಾದದ್ದು ವಿಜ್ಞಾನದಿಂದಲ್ಲ, ವಾಸನೆಯಿಂದ. ಶೆಡ್ಡಿನಲ್ಲಿ ಮೊದಲ ಸಲ ಎಥನಾಲು ಹಾಕಿ ಸ್ಟಾರ್ಟ್ ಮಾಡಿದಾಗ ನಾನು ಸೈಲೆನ್ಸರಿನ ಹಿಂದೆ ನಿಂತಿದ್ದೆ. ಬಂದದ್ದು ಹೊಗೆಯ ವಾಸನೆಯಲ್ಲ. ಸಣ್ಣಗೆ ಸಿಹಿ, ಸಣ್ಣಗೆ ಹುಳಿ. ಆಲೆಮನೆಯ ಹಿಂಬದಿಯಲ್ಲಿ ಕಬ್ಬಿನ ಸಿಪ್ಪೆ ಎರಡು ದಿನ ಬಿದ್ದಿದ್ದರೆ ಬರುವ ವಾಸನೆ. ಎಷ್ಟಾದರೂ ಅದೂ ಕಬ್ಬಿನ ಮಡ್ಡಿಯಿಂದಲೇ ಬಂದದ್ದಲ್ಲವೇ. ನಾನು ಕಣ್ಣು ಮುಚ್ಚಿ ನಿಂತುಬಿಟ್ಟೆ. ಹೊಗೆ ಕುಡಿದು ತಲೆ ತಿರುಗಿತೆಂದು ಮಾದೇವಪ್ಪ ಸ್ಟೂಲು ತಂದು ಕೂರಿಸಿದ.

ಇಂಧನ ತರುವ ಕೆಲಸ ನನ್ನ ಪಾಲಿಗೆ ಬಂತು. ಎಥನಾಲು ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. ಸಿಗುವ ಬಂಕೊಂದು ಮೈಸೂರಿನ ಕಡೆಗಿತ್ತು, ನಾನಿರುವ ಹೊಳೆನರಸೀಪುರ ಅದೇ ದಾರಿಯಲ್ಲಿತ್ತು. ಪವಿತ್ರ ಎರಡು ಕ್ಯಾನು ಕೊಟ್ಟು, ಜೊತೆಗೆ ಗೆರೆ ಹಾಕಿದ ಒಂದು ಗಾಜಿನ ಕೊಳವೆಯನ್ನೂ ಕೊಟ್ಟಳು. ಕೊಳವೆ ಕಂಡು ನನಗೆ ಜೀವ ಬಂತು. ಪರೀಕ್ಷೆ ಸುಲಭ. ತಳದಲ್ಲಿ ಅಳತೆ ಮಾಡಿದ ನೀರು, ಮೇಲೆ ಗುರುತಿನವರೆಗೆ ಇಂಧನ, ಬೆರಳಲ್ಲಿ ಬಾಯಿ ಮುಚ್ಚಿ ಕುಲುಕಬೇಕು. ಎಥನಾಲು ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ, ಬಂಕಿನವರು ಅದಕ್ಕೆ ಬೆರೆಸಿರುವ ಸ್ವಲ್ಪ ಪೆಟ್ರೋಲು ಮೇಲೆ ನಿಲ್ಲುತ್ತದೆ. ನಡುವಿನ ಗೆರೆ ಎಲ್ಲಿ ನಿಂತಿತೆಂದು ನೋಡಿದರೆ ಎಥನಾಲು ಎಷ್ಟಿದೆಯೆಂದು ಗೊತ್ತಾಗುತ್ತದೆ. ಜೀವಮಾನವೆಲ್ಲ ನೀರನ್ನು ಕಳ್ಳನೆಂದು ಹಿಡಿದವನಿಗೆ ಇಲ್ಲಿ ನೀರೇ ಪೊಲೀಸು.

ಶನಿವಾರ ಬಂಕಿನಲ್ಲಿ ಪೈಪಿನಿಂದಲೇ ಬಾಟಲಿಗೆ ಹಿಡಿದು ಪರೀಕ್ಷೆ ಮಾಡಿದೆ. ಪವಿತ್ರ ಹೇಳಿದ ಗೆರೆಯಲ್ಲೇ ನಿಂತಿತು. ಬಂಕಿನವರಿಗೆ ನಾನು ಯಾವುದೋ ಇಲಾಖೆಯವನೆಂದು ಭಯವಾಗಿ ಟೀ ತರಿಸಿದರು. ಎರಡೂ ಕ್ಯಾನು ತುಂಬಿಸಿಕೊಂಡು, ಮುಚ್ಚಳಕ್ಕೆ ಪ್ಲಾಸ್ಟಿಕ್ಕು ಸುತ್ತಿ ದಾರ ಕಟ್ಟಿ, ಸ್ಕೂಟರನ್ನು ಸೈಕಲ್ಲಿನ ವೇಗದಲ್ಲಿ ಓಡಿಸಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ನೆಂಟರೊಬ್ಬರ ಆಟೋದಲ್ಲಿ ಕ್ಯಾನುಗಳನ್ನಿಟ್ಟುಕೊಂಡು ಬಯಲು ಸೇರಿದೆ. ಬೂವನಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡೆಗಳನ್ನು ತಟ್ಟಿ ಸಮ ಮಾಡಿದ ಕೆಂಪು ಮಣ್ಣಿನ ಜಾಗ. ಆ ಕಡೆಯಲ್ಲೇ ನಿಲ್ದಾಣ ಕಟ್ಟಿ ವಿಮಾನ ಇಳಿಸುತ್ತಾರೆಂದು ನನ್ನ ಮೀಸೆ ಕಪ್ಪಗಿದ್ದಾಗಿನಿಂದ ಕೇಳುತ್ತಿದ್ದೇನೆ; ಒಂದೂ ಇಳಿದಿಲ್ಲ. ಅಂತೂ ಅದರ ನೆರೆಯಲ್ಲಿ ಏನೋ ಒಂದು ಜೋರಾಗಿ ಓಡುವ ಯೋಗ ಬಂತು. ಟೈರು ಸಾಲಾಗಿ ಹೂಳಿ ತಿರುವು ಮಾಡಿದ್ದರು. ಅರಕಲಗೂಡಿನಿಂದ ಆಲೂಗೆಡ್ಡೆ ಹೊರುವ ಲಾರಿಗಳಲ್ಲಿ ಕಾರು ಹೇರಿಕೊಂಡು ಬಂದವರೂ ಇದ್ದರು. ಪವಿತ್ರಳ ಕಾರು ಸಣ್ಣ ಲಗೇಜು ಗಾಡಿಯಲ್ಲಿ ಬಂದು ಇಳಿದಿತ್ತು. ಟ್ಯಾಂಕು ಖಾಲಿ ಮಾಡಿ, ತೊಳೆದು ಒಣಗಿಸಿ ತಂದಿದ್ದಳು. ನನ್ನ ಎರಡು ಕ್ಯಾನು ಬಿಟ್ಟರೆ ಬೇರೆ ಎಥನಾಲು ಇಲ್ಲ.

ಮಾದೇವಪ್ಪನೂ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಮಾತ್ರ ಹೆಬ್ಬೆರಳು ಗಾತ್ರದ ಹಗ್ಗದ ಸುರುಳಿ. ಒಡೆದ ಮೇಲೆ ಎಳೆದುಕೊಂಡು ಹೋಗಬೇಕಲ್ಲ, ಇಲ್ಲಿ ಹಗ್ಗ ಎಲ್ಲಿ ಹುಡುಕಲಿ ಎಂದು ಶಾಂತವಾಗಿ ವಿವರಿಸಿದ. ನಾನು ಪಟ್ಟಿ ಮಾಡುತ್ತೇನೆ, ಅವನು ಹಗ್ಗ ತರುತ್ತಾನೆ. ಒಂದೇ ಮನೆಯ ಅಳಿಯಂದಿರಾಗಲು ನಮಗೆ ಬೇರೆ ಅರ್ಹತೆ ಬೇಕಿರಲಿಲ್ಲ.

ತುಂಬುವ ಮೊದಲು ಇನ್ನೊಂದು ಸಲ ನೋಡಿಬಿಡಿ ದೊಡ್ಡಪ್ಪ ಎಂದಳು ಪವಿತ್ರ. ಕ್ಯಾನಿನಿಂದ ತೆಗೆದು, ಕೊಳವೆಗೆ ಹಾಕಿ, ಕುಲುಕಿ, ಬಾನೆಟ್ಟಿನ ಮೇಲೆ ಇಟ್ಟು ಕಾದೆ. ಗೆರೆ ನಿಂತಿತು. ನಿನ್ನೆಗಿಂತ ಒಂದು ಗೆರೆ ಮೇಲೆ. ಎರಡನೇ ಕ್ಯಾನಿನದೂ ಒಂದು ಗೆರೆ ಮೇಲೆ.

ಪವಿತ್ರ ಬಗ್ಗಿ ನೋಡಿದಳು. ಒಂದು ಗೆರೆ ತಾನೆ, ನಿನ್ನೆ ಬಂಕಲ್ಲಿ ನೆರಳಿತ್ತೇನೋ, ಕಣ್ಣಿಗೆ ಹಾಗೆ ಕಂಡಿರುತ್ತೆ ಅಂದಳು. ಅಲ್ಲಿಗೆ ಮಾತು ಮುಗಿಯಬಹುದಿತ್ತು. ಆದರೆ ಇಪ್ಪತ್ತೆಂಟು ವರ್ಷ ಗೆರೆ ಓದಿದವನಿಗೆ ಕಣ್ಣು ತಪ್ಪಿದ್ದು ಯಾವುದು, ಗೆರೆ ಸರಿದದ್ದು ಯಾವುದು ಎಂದು ಗೊತ್ತಿರುತ್ತದೆ. ಕ್ಯಾನಿನೊಳಗೆ ರಾತ್ರಿ ಕೂತು ಎಥನಾಲು ಮರಿ ಹಾಕುವುದಿಲ್ಲ. ಕೆಳಗಿನ ಪಾಲು ಹೆಚ್ಚಾಗಿದೆಯೆಂದರೆ ಎಥನಾಲು ಹೆಚ್ಚಾಗಿರಬೇಕು, ಇಲ್ಲವೇ ಅದರ ಜೊತೆ ಸೇರಿಕೊಳ್ಳುವ ಇನ್ನೇನೋ ಮೊದಲೇ ಒಳಗಿರಬೇಕು. ಅಷ್ಟು ಹೊತ್ತಿಗೆ ನನಗೆ ನೆನಪಾಯಿತು. ಶುಕ್ರವಾರ ಸಂಜೆ ನಮ್ಮ ಬಚ್ಚಲಿನಲ್ಲಿ ಆ ಎರಡೂ ಕ್ಯಾನುಗಳನ್ನು ಬಿಸಿನೀರು ಹಾಕಿ ಗಲಬರಿಸಿದ್ದೆ. ಚೆಲ್ಲಿದ ಕೂಡಲೇ, ಧೂಳು ಹೋಗಬಾರದೆಂದು, ಮುಚ್ಚಳವನ್ನೂ ಬಿಗಿದಿದ್ದೆ. ಹಾಲಿನ ಕ್ಯಾನಿಗೆ ಟೊಳ್ಳು ಹಿಡಿಕೆ ಇರುವುದಿಲ್ಲ. ಈ ಕ್ಯಾನುಗಳಿಗೆ ಇತ್ತು. ಆ ಟೊಳ್ಳಿನಲ್ಲಿ ಒಂದು ಲೋಟ ನೀರು ಆರಾಮವಾಗಿ ಕೂತಿತ್ತು.

ಹೇಳುವುದೋ ಬೇಡವೋ? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎಂಜಿನ್ನು ಹೋದರೆ ಟರ್ಬೋ ಮೇಲೆ ಅಪವಾದ ಬರುತ್ತದೆ, ಎಥನಾಲಿನ ಮೇಲೆ ಬರುತ್ತದೆ, ಪವಿತ್ರಳ ಮೇಲೆ ಬರುತ್ತದೆ. ಹೇಳಿದರೆ ಮೂರು ಹೆಜ್ಜೆ ಆಚೆ ಹಗ್ಗ ಹೊತ್ತು ನಿಂತ ಮಾದೇವಪ್ಪನ ಕಿವಿಗೆ ಬೀಳುತ್ತದೆ; ಅವನ ಕಿವಿ ಎಂಥದ್ದೆಂದು ಆಗಲೇ ಹೇಳಿದ್ದೇನೆ. ನಾನು ಯಾರ ಕಡೆಗೆಲ್ಲ ಲ್ಯಾಕ್ಟೋಮೀಟರು ತಿರುಗಿಸಿದ್ದೆನೋ ಅವರೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದ ಹಾಗೆ ಅನ್ನಿಸಿತು. ದಾರಿಯಲ್ಲಿ ಮಳೆಗೆ ಸಿಕ್ಕಿಕೊಂಡೆ ಎನ್ನೋಣವೆಂದರೆ ಆಕಾಶದಲ್ಲಿ ಒಂದು ಮೋಡವಿಲ್ಲ.

“ಪವಿ, ನೀರು ಕಣಮ್ಮ ಅದು,” ಅಂದೆ. “ನಾನೇ ಕ್ಯಾನು ತೊಳೆದಿದ್ದು.”

ಮಾದೇವಪ್ಪ ಹಗ್ಗವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ.

“ಊರೋರ ಹಾಲ್ನೆಲ್ಲ ಅಳ್ದು ನೀರ್ ಹಿಡ್ಯೋನು, ಮನೆ ಮಗೀನ್ ಗಾಡಿಗೇ ನೀರ್ ಉಯ್ದ್‌ಬುಟ್ಟಲ್ಲಣ್ಣ,” ಅಂದ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ನೋವಾಯಿತು. ಮಗಳ ಕಡೆ ತಿರುಗಿ, “ಬುಡು ಕಣವ್ವ. ನೀರ್ ಬಿದ್ದ್ ಮ್ಯಾಕೆ ಏನೈತೆ. ಇಲ್ಲಿಂದಲೇ ಕಟ್ಕಂಡು ಓಗೂವ,” ಅಂದ.

ಅವನ ಮಟ್ಟಿಗೆ ಅದು ಸರಿಯೇ. ಡೀಸಲ್ ಪಂಪಿಗೆ ನೀರು ಎಂದರೆ ವಿಷ. ನಲವತ್ತು ವರ್ಷದಲ್ಲಿ ನೀರು ಹೋಗಿ ಕಚ್ಚಿಕೊಂಡ ಪಂಪುಗಳನ್ನು ಅವನು ಎಷ್ಟು ಬಿಚ್ಚಿಲ್ಲ.

ಪವಿತ್ರ ಕ್ಯಾನಿನಿಂದ ಒಂದು ಬಿಳಿ ಗಾಜಿನ ಬಾಟಲಿಗೆ ಇಂಧನ ಹಿಡಿದಳು. ನನಗೆ ಕೊಡಲಿಲ್ಲ, ಅಪ್ಪನಿಗೆ ಕೊಟ್ಟಳು.

“ಇದು ಡೀಸಲ್ ಅಲ್ಲ ಅಪ್ಪ. ಡೀಸಲ್ಲಲ್ಲಿ ನೀರು ಬೇರೆ ನಿಲ್ಲುತ್ತೆ, ತಳಕ್ಕೆ ಕೂರುತ್ತೆ, ಒಂದೇ ಸಲಕ್ಕೆ ಪಂಪಿಗೆ ಹೋಗಿ ಕೊಲ್ಲುತ್ತೆ. ಇದ್ರಲ್ಲಿ ನೀರು ಕರಗೋಗುತ್ತೆ. ಇಪ್ಪತ್ತು ಲೀಟರಿಗೆ ಒಂದು ಲೋಟ ಅಂದ್ರೆ ಹಬೆಯಾಗಿ ಹೊರಗೆ ಹೋಗುತ್ತೆ, ಅಷ್ಟೆ. ಜಾಸ್ತಿ ಆಗಿ ಬೇರೆ ಆಗಿದ್ರೆ ಮಾತ್ರ ಕಷ್ಟ, ಆಗ ಮಜ್ಜಿಗೆ ಥರ ಕದಡಿರುತ್ತೆ. ನೀನೇ ನೋಡು. ಕದಡಿದೆ ಅಂದ್ರೆ ಕಟ್ಟು ಹಗ್ಗ.”

ಮಾದೇವಪ್ಪ ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದ. ಟ್ರ್ಯಾಕ್ಟರಿನ ಫಿಲ್ಟರಿನ ಗಾಜಿನ ಬಟ್ಟಲಿನಲ್ಲಿ ನೀರಿನ ಒಂದು ಮಣಿ ಹುಡುಕುವ ಕಣ್ಣು ಅವನದು. ಓರೆ ಮಾಡಿದ, ತಲೆಕೆಳಗು ಮಾಡಿದ, ತಳ ನೋಡಿದ, ಉಗುರಿನಿಂದ ಟಣ್ಣನೆ ತಟ್ಟಿ ಮತ್ತೆ ನೋಡಿದ. ಅವನು ಬೇಕೆಂದರೆ ಸುಳ್ಳು ಹೇಳಬಹುದಿತ್ತು, ಕದಡಿದೆ ಎನ್ನಬಹುದಿತ್ತು, ಶೆಡ್ಡು ಪೂರ್ತಿ ಅವನ ಕೈಗೇ ಬರುತ್ತಿತ್ತು. ಆದರೆ ಬಾಟಲಿ ಕೈಗೆ ಬಂದ ಮೇಲೆ ಅವನು ಷರತ್ತು ಹಾಕಿದ ಅಪ್ಪನಾಗಿ ಉಳಿದಿರಲಿಲ್ಲ, ಮೆಕ್ಯಾನಿಕ್ಕಾಗಿದ್ದ.

“ತಿಳ್ಯಾಗೈತೆ,” ಅಂದ. ಬಾಟಲಿಯನ್ನು ಮಗಳ ಕೈಗೆ ವಾಪಸ್ಸು ಕೊಟ್ಟು, “ಸೋಸ್ಕಂಡು ಉಯ್ಯಿ,” ಅಂದ.

ಆಮೇಲೆ ನಡೆದದ್ದನ್ನು ವರ್ಣಿಸಲು ನಾನು ಅಯೋಗ್ಯ, ಏಕೆಂದರೆ ಹೆಚ್ಚಿನ ಭಾಗ ಕಣ್ಣು ಮುಚ್ಚಿಕೊಂಡಿದ್ದೆ. ಚಳಿಗೆ ಎಂಜಿನ್ನು ಎರಡು ಸಲ ಕೆಮ್ಮಿತು. ಪವಿತ್ರ ಅದಕ್ಕೆ ಮೊದಲೇ ಸಿದ್ಧಳಾಗಿ ಒಂದಿಷ್ಟು ಪೆಟ್ರೋಲು ಚಿಮುಕಿಸಿದಳು, ಮೂರನೆಯದಕ್ಕೆ ಹತ್ತಿಕೊಂಡಿತು. ಅವಳು ಹೆಲ್ಮೆಟ್ಟು ಹಾಕಿ ಬೆಲ್ಟು ಬಿಗಿದು ಗೆರೆಗೆ ಹೋಗಿ ನಿಂತಳು. ಬಾವುಟ ಇಳಿದದ್ದು ಮಾತ್ರ ಕಂಡೆ. ಟರ್ಬೋ ಗಾಳಿ ಎಳೆಯುವ ಸಿಳ್ಳೆ ಸಣ್ಣಗೆ ಶುರುವಾಗಿ ಏರುತ್ತಾ ಏರುತ್ತಾ ಹೋಯಿತು, ಕೆಂಧೂಳು ಗೋಡೆಯ ಹಾಗೆ ಎದ್ದಿತು, ಆ ಧೂಳಿನ ಜೊತೆ ನನ್ನ ಮೂಗಿಗೆ ಹಳ್ಳಿಮೈಸೂರಿನ ಆಲೆಮನೆ ಬಂದು ಬಡಿಯಿತು. ಬಗಲಲ್ಲಿ ನಿಂತ ಮಾದೇವಪ್ಪನೂ ಕಣ್ಣು ಮುಚ್ಚಿದ್ದ. ನನ್ನದು ಹೆದರಿಕೆ, ಅವನದು ಕೆಲಸ. ಅವನು ಕೇಳುತ್ತಿದ್ದ. ಎಂಜಿನ್ನು ಒಳಗಿನಿಂದ ಗುದ್ದತೊಡಗಿದರೆ ಡಬ್ಬದಲ್ಲಿ ಕಲ್ಲು ಕುಲುಕಿದ ಸದ್ದು ಬರುತ್ತದೆ. ಆ ಕಲ್ಲಿಗಾಗಿ ಕಾಯುತ್ತಿದ್ದ. ಮೊದಲ ಸುತ್ತಿನಲ್ಲಿ ಕಲ್ಲು ಬರಲಿಲ್ಲ. ಎರಡನೆಯದರಲ್ಲಿ ಒಂದು ಕಡೆ ಸಿಳ್ಳೆ ತಟ್ಟನೆ ನಿಂತಿತು. ಮೂರನೇ ತಿರುವಿಗೆ ಎಕ್ಸಲೇಟ್ರಿಂದ ಕಾಲು ತೆಗೆದವಳೆ, ಅಂಗೇ ಬತ್ತದೆ ಅಂದ ಮಾದೇವಪ್ಪ ಕಣ್ಣು ತೆರೆಯದೆ. ಸಿಳ್ಳೆ ಮತ್ತೆ ಬಂತು. ಮೂರನೆಯ ಸುತ್ತಿನ ಹೊತ್ತಿಗೆ ಅವನ ತುಟಿ ಅಲ್ಲಾಡುತ್ತಿತ್ತು; ಶಿವಶಿವ ಎನ್ನುತ್ತಿದ್ದನೋ, ಗೇರು ಎಣಿಸುತ್ತಿದ್ದನೋ ಕೇಳಲಿಲ್ಲ.

ಕಾರು ಬಂದು ನಿಂತಿತು. ಪವಿತ್ರ ಇಳಿದಳು. ಮುಖವೆಲ್ಲ ಕೆಂಪು ಮಣ್ಣು, ಕನ್ನಡಕದ ಜಾಗ ಮಾತ್ರ ಬೆಳ್ಳಗೆ. ಅಪ್ಪ ಮಗಳ ಮುಖ ನೋಡಲಿಲ್ಲ, ನೇರ ಬಾನೆಟ್ಟು ಎತ್ತಿದ. ಅಷ್ಟು ಹೊತ್ತು ಬೆಂಕಿ ಕಾರಿದ ಎಂಜಿನ್ನಿಗೆ ಗಾಳಿ ಹೋಗುವ ಪೈಪಿನ ಬುಡದಲ್ಲಿ, ನಮ್ಮ ಸೊಸೈಟಿಯ ಹಾಲು ತಣಿಸುವ ಟ್ಯಾಂಕಿನ ಮೈಯಂತೆ, ನೀರಿನ ಹನಿಗಳು ಕೂತಿದ್ದವು. ಎಥನಾಲು ತಣ್ಣಗೆ ಮಾಡುತ್ತದೆಂದು ಅವಳು ಹೇಳಿದ್ದು ಸುಳ್ಳಲ್ಲ. ಮಾದೇವಪ್ಪ ಆ ಹನಿಯನ್ನು ಬೆರಳಲ್ಲಿ ಒರೆಸಿ ನೋಡಿದ. ಆಯಿಲ್ ಕಡ್ಡಿ ಎಳೆದು, ಮೂಸಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದ. ಆಮೇಲೆ ಆ ಇಸ್ತ್ರಿ ಶರಟಿಗೇ ಕೈ ಒರೆಸಿಕೊಂಡ.

“ಟ್ಯಾಂಕ್‌ನಾಗೆ ಉಳ್ದಿದ್ದ ಇವತ್ತೇ ಬಸ್ದಾಕು. ನೀರಿನ ಪಸೆ ಇದ್ರೆ ತುಕ್ಕು ಇಡೀತದೆ,” ಅಂದ. “ನಾಳೀಕೆ ನಿನ್ ಕಡೆ ಇರೋ ನನ್ ಬೆಂಚು, ವೈಸು ಎತ್ಕತೀನಿ. ನಿಂಗ್ ಜಾಗ ಬೇಕಾಯ್ತದೆ.”

ಶೆಡ್ಡಿನ ವಿಷಯದಲ್ಲಿ ಅವನು ಆಡಿದ್ದು ಅಷ್ಟೇ. ಪವಿತ್ರ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಆ ಕಡೆ ತಿರುಗಿ ಮುಖ ತೊಳೆಯಲು ಹೋದಳು. ಬಹಳ ಹೊತ್ತು ತೊಳೆದಳು.

ಅವಳ ವರ್ಗದಲ್ಲಿ ಎರಡನೇ ಸ್ಥಾನ ಬಂತು. ಕರಗಬೇಕಾದ್ದು ಕರಗಲಿಲ್ಲ, ಸಡಿಲವಾಗಬೇಕಾದ್ದು ಆಗಲಿಲ್ಲ, ಎಮ್ಮೆ ಬರಲಿಲ್ಲ, ಸೀನು ಬರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಪಟ್ಟಿ ಅಷ್ಟು ಪೂರ್ತಿಯಾಗಿ ಸುಳ್ಳಾದದ್ದು ಅದೇ ಮೊದಲು. ಲೋಟದ ನೀರನ್ನೂ ಎಂಜಿನ್ನು ಕುಡಿದು ಮರೆತಿತ್ತು. ನಾನು ಎದೆಯುಬ್ಬಿಸಿ ನಡೆಯುತ್ತಿದ್ದೆ. ಸಂಜೆ ನಾಲ್ಕಕ್ಕೆ ಮೈಕಿನಲ್ಲಿ ಬಹುಮಾನ ಕರೆದರು.

ಎರಡನೇ ಸ್ಥಾನಕ್ಕೆ, ಚನ್ನರಾಯಪಟ್ಟಣದ ಮಾದೇವಪ್ಪ ಎಂದು ಕರೆದರು.

ಅದು ನನ್ನಿಂದಾದದ್ದು. ಬೆಳಿಗ್ಗೆ ಪವಿತ್ರ ಕಾರಿನ ಕೆಳಗಿದ್ದಾಗ ಪ್ರವೇಶದ ಫಾರಂ ತುಂಬಿಕೊಟ್ಟವನು ನಾನು. ಸೊಸೈಟಿಯಲ್ಲಿ ಹಸು ಕರೆಯುವವಳು, ಹಾಲು ತರುವವಳು ಯಾರೇ ಇರಲಿ, ಪುಸ್ತಕದ ಮೊದಲ ಸಾಲಿನಲ್ಲಿ ಮನೆ ಯಜಮಾನನ ಹೆಸರು ಬರೆಯುವುದು ರೂಢಿ. ತರುವವಳ ಹೆಸರು ಎರಡನೆಯದು. ಇಪ್ಪತ್ತೆಂಟು ವರ್ಷದ ಕೈ, ತಾನಾಗಿ ಬರೆದಿತ್ತು. ಸರ್ಟಿಫಿಕೇಟಿನಲ್ಲೂ ಬಣ್ಣದ ಅಕ್ಷರದಲ್ಲಿ ಚಾಲಕ ಮಾದೇವಪ್ಪ ಎಂದೇ ಬಂತು. ನಾನು 'ತಿದ್ದಿಕೊಡಿ, ತಿದ್ದಿಕೊಡಿ' ಎಂದು ಸ್ಪರ್ಧೆ ನಡೆಸಿದ ಸಂಘದವರ ಹಿಂದೆ ಓಡಾಡುತ್ತಿದ್ದರೆ ಪವಿತ್ರ ನನ್ನ ತೋಳು ಹಿಡಿದು ನಿಲ್ಲಿಸಿದಳು. ಗಾಡಿ ಮೇಲೆ ನನ್ನ ಹೆಸರು ಬರಕೊಂಡಿದೀನಿ ಬಿಡಿ ದೊಡ್ಡಪ್ಪ, ಅಪ್ಪನ ಮುಖ ನೋಡಿ ಒಂದ್ಸಲ ಅಂದಳು. ಮಾದೇವಪ್ಪ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೆ ಬೆರಳಿನ ಆಯಿಲು ತಾಗದ ಹಾಗೆ ಅಂಚಿನಲ್ಲಿ ಮಾತ್ರ ಹಿಡಿದು, ಓದುತ್ತಿದ್ದ.

ಅದು ಈಗ ಗಾಜು ಹಾಕಿಸಿಕೊಂಡು ಶೆಡ್ಡಿನಲ್ಲಿದೆ. ಮಗಳ ಕಡೆಯಲ್ಲಲ್ಲ, ಅಪ್ಪನ ಕಡೆಯಲ್ಲಿ. ಕಳೆದ ವಾರ ಹೋಗಿದ್ದೆ. ಪವಿತ್ರಳ ಅರ್ಧದಲ್ಲಿ ಹಾಸನದ ಯಾರದೋ ಎರಡು ಕಾರು ಬಾನೆಟ್ಟು ತೆರೆದು ನಿಂತಿದ್ದವು. ಅವಳು ಕತ್ತೆತ್ತಲು ಪುರುಸೊತ್ತಿಲ್ಲದೆ ಕೆಲಸದಲ್ಲಿದ್ದಳು. ಈ ಅರ್ಧದಲ್ಲಿ ನುಗ್ಗೇಹಳ್ಳಿಯ ತೆಂಗಿನ ತೋಟದವರೊಬ್ಬರು ಟ್ರ್ಯಾಕ್ಟರಿನ ಪಂಪು ಹಿಡಿದು ಬಂದವರು, ಗೋಡೆ ನೋಡಿ, ಏನ್ ಮಾದೇವಪ್ನೋರೆ, ಈ ವಯಸ್ನಾಗೆ ಕಾರ್ ರೇಸಾ ಎಂದು ಕೇಳಿದರು. ಮಾದೇವಪ್ಪ ಒಮ್ಮೆ ನನ್ನ ಕಡೆ ನೋಡಿದ. ನಾನು ಟೀ ಲೋಟದೊಳಗೆ ನೋಡಿದೆ.

“ಓಡ್ಸೋದೇನ್ ದೊಡ್ಡದಲ್ಲ ಕಣ್ ಬುಡಿ,” ಅಂದ ಅವನು, ಪಂಪಿನ ನಟ್ಟು ಸಡಿಲಿಸುತ್ತಾ. “ಆ ಮೂರನೇ ತಿರುವ್ನಾಗೆ ಮಾತ್ರ ಕಾಲ್ ತಗ್ಯಕ್ಕೆ ಗೊತ್ತಿರ್‌ಬೇಕು.”